ಅಡಿಪಟ್ಟಿ ಇಟ್ಟು ಎಳೆದ ಗೆರೆ

ಫೆಬ್ರವರಿ 3, ಸೋಮವಾರ

ಎಂಟು ಗಂಟೆಗೇ ಮುಂದಿನ ಕೋಣೆ ತುಂಬಿತ್ತು. ಒಂಬತ್ತು ಜನ. ಚರಂಡಿ, ಬೀದಿದೀಪ, ವರ್ಗಾವಣೆ, ಮತ್ತೆ ಚರಂಡಿ. ಇವರು ಎಂದಿನಂತೆ ಬಾಗಿಲ ಪಕ್ಕ ಸ್ಟೂಲ್ ಹಾಕಿಕೊಂಡು ಬಂದವರ ಅರ್ಜಿ ಇಸಿದುಕೊಂಡು ಕಾಗುಣಿತ ತಿದ್ದುತ್ತಿದ್ದರು. ರಿಟೈರ್ ಆದ ಸರ್ವೇಯರ್. ನೆಲ ಅಳೆಯುವುದು ನಿಂತ ಮೇಲೆ ಜನರ ಅಕ್ಷರ ಅಳೆಯುತ್ತಾರೆ. "ಶಾಸಕಿ ನೀನು, ಗುಮಾಸ್ತ ನಾನು. ಕುರ್ಚಿ ನಿನಗೆ, ಬೈಗುಳ ನನಗೆ" ಎನ್ನುವುದು ದಿನದ ಮಂತ್ರ. ಇವತ್ತೂ ಒಂದು ಸಲ ಆಯಿತು.

ಕೊನೆಗೆ ಉಳಿದದ್ದು ಇಬ್ಬರು ಹೆಂಗಸರು. ದೊಡ್ಡವಳಿಗೆ ನಲವತ್ತೈದರ ಹತ್ತಿರ. ಕೊರಳಲ್ಲಿ ಅಳತೆ ಟೇಪು — ತೆಗೆಯುವುದು ಮರೆತು ಹಾಗೇ ಬಂದಿದ್ದಾಳೆ. ಚಿಕ್ಕವಳಿಗೆ ಹದಿನೆಂಟು ತುಂಬಿದೆ. ಆರು ತಿಂಗಳ ಬಸುರಿ. ಹೆಗಲಿಗೆ ಶಾಲೆಯ ಬ್ಯಾಗು. ಕೂತುಕೋ ಅಂದರೂ ಕೂರಲಿಲ್ಲ.

"ನನ್ನ ಸೊಸೆ ಮೇಡಂ," ಅಂದಳು ಟೇಲರಮ್ಮ. "ಶಾಲೆಯಿಂದ ಹೆಸರು ತೆಗೆದುಬಿಟ್ಟಿದಾರೆ. ಕೊನೇ ವರ್ಷ. ಪರೀಕ್ಷೆ ಮುಂದಿನ ತಿಂಗಳು ಇಪ್ಪತ್ನಾಲ್ಕಕ್ಕೆ."

"ಮದುವೆ ಆಗಿದ್ದಕ್ಕಾ?"

"ಇನ್ನೇನಕ್ಕೆ ಮೇಡಂ? ಕ್ಲಾಸಿಗೇ ಮೊದಲು ಇವಳು."

"ನಿಮ್ಮ ಮಗ ಏನ್ಮಾಡ್ತಾನೆ?"

"ಅವನೂ ಅದೇ ಕ್ಲಾಸು. ಒಂದೇ ರೂಮು. ಇಷ್ಟಪಟ್ಟು ಮಾಡ್ಕೊಂಡ್ರು."

"ಅವನ ಹೆಸರೂ ತೆಗೆದ್ರಾ?"

ಆಗ ಹುಡುಗಿ ಮೊದಲ ಸಲ ಬಾಯಿ ಬಿಟ್ಟಳು. "ಇಲ್ಲ ಮೇಡಂ. ಮದುವೆ ಆಗಿದ್ದು ನನಗೊಬ್ಬಳಿಗೇ."

ಇವರು ಸ್ಟೂಲ್ ಮೇಲೆ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಹದಿನಾಲ್ಕನೆಯ ನಿಯಮ. ಬಾಯಿಪಾಠ. 'ವಿವಾಹಿತ ವಿದ್ಯಾರ್ಥಿನಿಯ ಹೆಸರನ್ನು ದಾಖಲಾತಿ ಪುಸ್ತಕದಿಂದ ತೆಗೆದುಹಾಕತಕ್ಕದ್ದು, ಪರೀಕ್ಷೆಗೆ ಕೂರಿಸತಕ್ಕದ್ದಲ್ಲ.' ವಿದ್ಯಾರ್ಥಿಯ ಬಗ್ಗೆ ಒಂದಕ್ಷರವಿಲ್ಲ. ನಾನು ಹದಿನಾಲ್ಕು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದವಳು, ಗೊತ್ತಿರದೆ ಏನು.

ಹೊರಡುವಾಗ ಟೇಲರಮ್ಮ ಹೊಸ್ತಿಲಲ್ಲಿ ತಿರುಗಿದಳು. "ನನಗೂ ಹೀಗೇ ಆಗಿತ್ತು ಮೇಡಂ. ಇಪ್ಪತ್ತೇಳು ವರ್ಷ ಆಯ್ತು. ನಿಮ್ಮ ಕೈಯಿಂದಲೇ." ಸಿಟ್ಟಿಲ್ಲ, ಅಳುವಿಲ್ಲ. ತೋಳಿನ ಅಳತೆ ಹೇಳುವ ಹಾಗೆ ಹೇಳಿದಳು. "ನೀವು ಅವತ್ತು ಅಂದ್ರಿ — ನಿಯಮ ನಿಯಮವೇ ಅಲ್ವಾ, ನಾನೇನು ಮಾಡ್ಲಿ ಅಂತ. ಅದಕ್ಕೇ ನಿಮ್ಮ ಹತ್ರ ಬಂದೆ. ಈಗ ನಿಯಮ ಮಾಡೋ ಜಾಗದಲ್ಲಿದೀರಲ್ಲ."

ಮುಖ ನೆನಪಾಗಲಿಲ್ಲ. ಎಷ್ಟು ಯೋಚಿಸಿದರೂ.

ಫೆಬ್ರವರಿ 5, ಬುಧವಾರ

ಶಾಲೆಗೆ ಹೋಗಿದ್ದೆ. ಈಗಿನ ಹೆಡ್‌ಮಿಸ್ಟ್ರೆಸ್ ನನ್ನ ಕೈಕೆಳಗೆ ಟೀಚರ್ ಆಗಿದ್ದವಳು. ಎದ್ದು ನಿಂತಳು, ಕುರ್ಚಿ ಒರೆಸಿದಳು, ಟೀ ತರಿಸಿದಳು. ಹಳೆಯ ದಾಖಲಾತಿ ಪುಸ್ತಕ ಕೇಳಿದ್ದಕ್ಕೆ ಮಾತ್ರ ಮುಖ ಸ್ವಲ್ಪ ಬಾಡಿತು. ಕಬ್ಬಿಣದ ಬೀರು, ಮೇಲಿನ ಖಾನೆ. ಹಾಳೆ ಮುಟ್ಟಿದರೆ ಅಂಚು ಉದುರುತ್ತದೆ.

ಸಿಕ್ಕಿತು. ಟೇಲರಮ್ಮನ ಹೆಸರಿನ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ 'ನಿ. 14', ಕೆಳಗೆ ನನ್ನ ಸಹಿ. ಗೆರೆ ಎಷ್ಟು ನೇರ! ಕೈಯಲ್ಲಿ ಎಳೆದದ್ದಲ್ಲ, ಅಡಿಪಟ್ಟಿ ಇಟ್ಟು ಎಳೆದದ್ದು. ನನ್ನ ಪುಸ್ತಕ ಯಾವತ್ತೂ ನೀಟು. ಇನ್‌ಸ್ಪೆಕ್ಟರ್ ಬಂದಾಗ ಬೇರೆ ಶಾಲೆಯವರಿಗೆ ತೋರಿಸಲು ನನ್ನ ಪುಸ್ತಕ ಒಯ್ಯುತ್ತಿದ್ದರು.

ಅಲ್ಲಿಗೆ ನಿಲ್ಲಿಸಿ ಬರಬಹುದಿತ್ತು. ಮೊದಲಿಂದ ಕೊನೆಯವರೆಗೆ ತಿರುವಿದೆ. ಹನ್ನೊಂದು ಹೆಸರು. ಹನ್ನೊಂದು ಗೆರೆ. ಒಂದೂ ಸೊಟ್ಟಗಿಲ್ಲ.

ಒಂದು ಮುಖವೂ ನೆನಪಿಲ್ಲವಲ್ಲ, ಅದೇ ಹೆಚ್ಚು ನಾಚಿಕೆ. ಅತ್ತು ಕಳಿಸಿದ್ದರೆ ನೆನಪಿರುತ್ತಿತ್ತೇನೋ. ಅಳಲಿಲ್ಲ. ಗೆರೆ ಎಳೆದೆ, ಇಂಕು ಒಣಗಲು ಊದಿದೆ, ಮುಂದಿನ ಪೀರಿಯಡ್‌ಗೆ ಹೋದೆ.

ಹೆಡ್‌ಮಿಸ್ಟ್ರೆಸ್ ಮೆಲ್ಲಗೆ ಅಂದಳು, "ನಾನೂ ಇಷ್ಟಪಟ್ಟು ತೆಗೀಲಿಲ್ಲ ಮೇಡಂ." ಗೊತ್ತು ಅಂದೆ. ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು?

ಫೆಬ್ರವರಿ 7, ಶುಕ್ರವಾರ

ಇದು ಇಲಾಖೆ ಮಾಡಿದ ನಿಯಮ. ಹೊಸ ಕಾನೂನು ಬೇಕಿಲ್ಲ. ಸದನ ಒಂದು ನಿರ್ಣಯ ಮಾಡಿದರೆ ಸಾಕು, ನಿಯಮ ಅವತ್ತೇ ರದ್ದು, ಮರುದಿನ ಸುತ್ತೋಲೆ. ಇದನ್ನು ಹುಡುಕಿ ಹೇಳಿದ್ದು ವಕೀಲೆ — ನನ್ನ ಪಕ್ಕದ ಸೀಟಿನವಳು, ಪಕ್ಷ ಬೇರೆ, ಗೆಳತಿ. ಮೊಣಕಾಲು ನೋವು, ನಾಲಿಗೆ ಚುರುಕು.

ಆದರೆ ನಮ್ಮಂಥ ಮಂತ್ರಿಗಿರಿಯಿಲ್ಲದ ಬರಿಗೈ ಸದಸ್ಯರ ನಿರ್ಣಯಕ್ಕೆ ಶುಕ್ರವಾರ ಮಧ್ಯಾಹ್ನ ಮಾತ್ರ. ಅದೂ ಚೀಟಿಯಲ್ಲಿ ಬಂದರೆ. ಸದನದ ಕಾರ್ಯದರ್ಶಿಯ ಕೋಣೆ, ಮೇಜಿನ ಮೇಲೆ ಸ್ಟೀಲ್ ಡಬ್ಬಿ, ಮೂವತ್ತೊಂದು ಚೀಟಿ. ಕೈ ಹಾಕಿದ ಗುಮಾಸ್ತನಿಗೆ ಶೀತ, ಒಂದು ಸೀನು ಸೀನಿ ಮೊದಲ ಚೀಟಿ ಎತ್ತಿದ. ನನ್ನದು!

ಫೆಬ್ರವರಿ 28. ಅಧಿವೇಶನದ ಕೊನೆಯ ಶುಕ್ರವಾರ, ಮೊದಲ ವಿಷಯ. ಪರೀಕ್ಷೆಗೆ ಇನ್ನೂ ಮೂರೂವರೆ ವಾರ ಉಳಿಯುತ್ತದೆ.

ವಕೀಲೆ ಕೈ ಕುಲುಕಿದಳು. "ಚೀಟಿ ಬಂತು. ಇನ್ನು ಜನ ಬರಬೇಕು. ಕೊನೇ ಶುಕ್ರವಾರ ಮಧ್ಯಾಹ್ನ ಸದನದಲ್ಲಿ ಫ್ಯಾನ್ ಬಿಟ್ರೆ ಯಾರೂ ತಿರುಗಲ್ಲ, ಗೊತ್ತಲ್ಲ?"

ಫೆಬ್ರವರಿ 12, ಬುಧವಾರ

ನಗೆಮುಖನ ಕೋಣೆಗೆ ಹೋಗಿದ್ದೆ. ನನ್ನದೇ ಪಕ್ಷದ ಹಿರಿಯ. ಈ ಸದನದಲ್ಲಿ ಯಾರು ಏಳಬೇಕು, ಯಾರು ಕೂರಬೇಕು ಎಲ್ಲ ಅವನ ಕಣ್ಸನ್ನೆ. ಮೂವತ್ತು ವರ್ಷದಿಂದ ಆ ನಗು ಮುಖದಿಂದ ಇಳಿದದ್ದಿಲ್ಲ. ಸಾವಿನ ಮನೆಗೂ ಅದನ್ನೇ ಹಾಕಿಕೊಂಡು ಬರುತ್ತಾನೆ.

ಮಾತಿಗೆ ಸಿದ್ಧವಾಗಿ ಹೋಗಿದ್ದೆ. ಅಂಕಿ-ಅಂಶ, ಬೇರೆ ಕಡೆಯ ಕಾನೂನು, ಎಲ್ಲ ಫೈಲಿನಲ್ಲಿತ್ತು. ಫೈಲು ತೆರೆಯಲೂ ಬಿಡಲಿಲ್ಲ.

"ನಾನು ವಿರೋಧ ಮಾಡಲ್ಲಮ್ಮ. ಹೆಣ್ಣುಮಕ್ಕಳು ಓದ್ಬೇಡ ಅಂತ ಯಾವನಾದ್ರೂ ಅಂತಾನಾ? ಪೇಪರ್‌ನೋರು ಬಿಡ್ತಾರಾ?"

"ಹಾಗಾದ್ರೆ ನಮ್ಮವರಿಗೆ ಹೇಳಿ, ಆವತ್ತು ಇರೋದಕ್ಕೆ."

"ಎಲ್ಲಾ ದೊಡ್ಡವರು. ಅವರವರ ಇಷ್ಟ." ನಗು. ಆಮೇಲೆ, "ಬಸುರಿಯನ್ನ ಪಕ್ಕದ ಬೆಂಚಲ್ಲಿ ಕೂರಿಸಿಕೊಂಡು ಮಿಕ್ಕ ಹುಡುಗೀರು ಏನು ಕಲೀತಾರೆ, ಅದನ್ನೂ ಒಂಚೂರು ಯೋಚನೆ ಮಾಡು."

"ಆ ಬಸುರಿಗೆ ಕಾರಣ ಆದವನು ಹಿಂದಿನ ಬೆಂಚಲ್ಲೇ ಇದಾನಲ್ಲ. ಅವನನ್ನ ನೋಡಿ ಹುಡುಗರು ಏನು ಕಲೀತಾರೆ?"

ನಗು ಇನ್ನೂ ಅಗಲವಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು — ಇವನಿಗೆ ಇದೇ ರಾಜಕೀಯ. ಆದರೂ ವಿರೋಧ ಮಾಡಲ್ಲ ಅಂದನಲ್ಲ. ಅಷ್ಟಾದರೂ ಆಯಿತು ಅಂದುಕೊಂಡು ಬಂದೆ.

ಫೆಬ್ರವರಿ 13, ಗುರುವಾರ, ಸಂಜೆ

ಟೇಲರಮ್ಮನ ಅಂಗಡಿ. ಎರಡು ಮಿಷನ್, ಒಂದು ಬೆಂಚು, ಗೋಡೆ ತುಂಬ ತೂಗುಹಾಕಿದ ಅರ್ಧ ಹೊಲಿದ ಬಟ್ಟೆ. ಹಿಂದಿನ ಭಾಗದಲ್ಲಿ ಪರದೆ ಎಳೆದು ಮನೆ. ಪರದೆಯಾಚೆ ಹುಡುಗಿಯ ದನಿ, ಗಂಡನಿಗೆ ಗಣಿತ ಹೇಳಿಕೊಡುತ್ತಿದ್ದಾಳೆ.

"ಅಲ್ಲಲ್ಲ. ಮೊದಲು ಕೊಟ್ಟಿರೋದೇನು ಬರ್ಕೊಳ್ಳಿ. ಕಂಡುಹಿಡೀಬೇಕಾಗಿರೋದು ಆಮೇಲೆ."

"ಅದೇ ಮಾಡ್ತಿದೀನಲ್ಲ."

"ಇಲ್ಲ, ನೀವು ಉತ್ತರ ಊಹೆ ಮಾಡಿ ಹಿಂದಕ್ಕೆ ಬರ್ತಿದೀರಿ."

ಟೇಲರಮ್ಮ ಮಿಷನ್ ತುಳಿಯುತ್ತಲೇ ಕಣ್ಣು ಮಿಟುಕಿಸಿದಳು. "ಹೋದ ವರ್ಷ ನಪಾಸು. ಈ ವರ್ಷ ಪಾಸಾದ್ರೆ ಇವಳ ಪುಣ್ಯ. ಪಾಠ ಹೇಳೋಳು ಹೊರಗೆ, ಹೇಳಿಸ್ಕೊಳ್ಳೋನು ಒಳಗೆ. ಹೆಂಗಿದೆ ನೋಡಿ!"

ಒಳ್ಳೆಯ ಹುಡುಗ. ಎದ್ದು ಬಂದು ಕೈ ಕಟ್ಟಿ ನಿಂತ. ಪರೀಕ್ಷೆಗೆ ಅವಳ ರಿಜಿಸ್ಟರ್ ನಂಬರು ಬಂದಿದೆಯಂತೆ — ಪಟ್ಟಿ ಹೋದ ಮೇಲೆ ಹೆಸರು ತೆಗೆದದ್ದು. ಅವನ ಮುಂದಿನ ಡೆಸ್ಕೇ ಅವಳದು.

ಮೊಳೆಗೆ ಒಂದು ಹೊಸ ಯೂನಿಫಾರ್ಮ್ ನೇತುಹಾಕಿದೆ. ಹೊಟ್ಟೆಯ ಹತ್ತಿರ ಅಗಲ ಮಾಡಿ, ಪಕ್ಕಕ್ಕೆ ಬಿಚ್ಚುವ ಹಾಗೆ ಕಟ್ಟು ಇಟ್ಟಿದ್ದಾಳೆ. "ಮಾರ್ಚ್ ಹೊತ್ತಿಗೆ ಇಷ್ಟು ಬೇಕಾಗತ್ತೆ," ಅಂದಳು ಟೇಪು ಹಿಡಿದು ತೋರಿಸುತ್ತ.

ಆಗುತ್ತೆ ಬಿಡು, ನಾನಿದೀನಿ ಅಂದುಬಿಟ್ಟೆ. ಅನ್ನಬಾರದಿತ್ತು.

ಫೆಬ್ರವರಿ 19, ಬುಧವಾರ

ಪಟ್ಟಿ. ಸದನದಲ್ಲಿ ನೂರನಲವತ್ತು ಜನ. ಕೋರಂಗೆ ಹದಿನಾಲ್ಕು. ಅಷ್ಟಿಲ್ಲದಿದ್ದರೆ ಐದು ನಿಮಿಷ ಗಂಟೆ ಹೊಡೆಯುತ್ತಾರೆ, ಆಮೇಲೂ ಇಲ್ಲದಿದ್ದರೆ ಸದನ ಬರಖಾಸ್ತು. ಎದುರು ವೋಟು ಹಾಕಿ ಕೆಟ್ಟವರಾಗುವುದು ಯಾರಿಗೂ ಬೇಡ. ಮನೆಗೆ ಹೋದರೆ ಸಾಕು. ನಗೆಮುಖ ಯಾಕೆ ವಿರೋಧ ಮಾಡಲ್ಲ ಅಂದದ್ದು ಅನ್ನುವುದು ನನಗೆ ವಾರ ಕಳೆದು ಹೊಳೆಯಿತು. ಬುದ್ಧಿವಂತೆ!

ಹೆಂಗಸರು ಏಳು ಜನ, ನಾನೂ ಸೇರಿ. ಡಾಕ್ಟರ್ ಸದಸ್ಯರು ಬರುತ್ತೇನೆ ಅಂದಿದ್ದಾರೆ. ನಿದ್ದೆರಾಯ — ನನ್ನ ಹಳೆಯ ವಿದ್ಯಾರ್ಥಿ, ಆಗಲೂ ಕೊನೆಯ ಬೆಂಚಿನಲ್ಲಿ ನಿದ್ದೆ, ಈಗಲೂ ಅದೇ — "ಮೇಡಂ ಕರೆದ್ರೆ ಇಲ್ಲ ಅನ್ನಕ್ಕಾಗತ್ತಾ" ಅಂದ. ಬೇರೆ ಪಕ್ಷಗಳಿಂದ ಆರು ಜನ ಮಾತು ಕೊಟ್ಟರು. ಒಟ್ಟು ಹದಿನೈದು. ಒಬ್ಬ ಹೆಚ್ಚಿಗೆ ಇದ್ದಾನೆ.

ವಕೀಲೆ ಒಂದು ಕಾಗದ ಮುಂದಿಟ್ಟಳು. ಆವತ್ತು ಕರೆದಾಗ ನಾನು ಸೀಟಿನಲ್ಲಿಲ್ಲದಿದ್ದರೆ ನನ್ನ ಪರವಾಗಿ ಅವಳು ಮಂಡಿಸಬಹುದು ಎಂದು ಅಧಿಕಾರಪತ್ರ. "ಒಂದು ಸಹಿ ಹಾಕು. ಯಾವುದಕ್ಕೂ ಇರ್ಲಿ."

"ನಾನೆಲ್ಲಿಗೆ ಹೋಗ್ತೀನಿ?"

"ಹೋಗ್ತೀಯ ಅಂತಲ್ಲ. ಜ್ವರ ಬರತ್ತೆ, ಕಾರು ಕೆಡತ್ತೆ."

"ಆ ಹನ್ನೊಂದು ಗೆರೆ ಎಳೆದವಳು ನಾನು. ಇದು ನನ್ನ ಬಾಯಿಂದಲೇ ಬರ್ಬೇಕು."

"ನಿನ್ನ ಬಾಯಿ ಮುಖ್ಯನಾ, ಆ ಹುಡುಗಿ ಮುಖ್ಯನಾ?"

ಸಿಟ್ಟು ಬಂತು. ನನಗೆ ಬುದ್ಧಿ ಹೇಳಬೇಡ ಅಂದೆ. ಅವಳು ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಆಮೇಲೆ ಆ ವಿಷಯ ಎತ್ತಲಿಲ್ಲ.

ಫೆಬ್ರವರಿ 27, ಗುರುವಾರ

ಭಾಷಣ ಬರೆದು ಮುಗಿಸಿದೆ. ಮೂರು ಪುಟ. ಇವರ ಮುಂದೆ ಓದಿದೆ. ಕಿವಿ ಮಂದ, ಆದರೂ ಪೂರ್ತಿ ಕೇಳಿಸಿಕೊಂಡರು. "ನಾನೇ ಗೆರೆ ಎಳೆದೆ" ಅನ್ನುವಲ್ಲಿ ಕನ್ನಡಕ ತೆಗೆದು ಒರೆಸಿದರು. ನಲವತ್ತು ವರ್ಷದಲ್ಲಿ ಈ ಮನುಷ್ಯ ತಮಾಷೆ ಮಾಡದ ಮೊದಲ ಸಲ ಇರಬೇಕು.

ಮಾತು ಕೊಟ್ಟವರಿಗೆಲ್ಲ ಫೋನ್. ಬರ್ತೀವಿ, ಬರ್ತೀವಿ.

ಫೆಬ್ರವರಿ 28, ಶುಕ್ರವಾರ. ಮಧ್ಯಾಹ್ನ 2.25

ಸದನದಲ್ಲೇ ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು. ಮೇಲೆ ಗ್ಯಾಲರಿಯಲ್ಲಿ ಟೇಲರಮ್ಮ, ಅವಳ ಪಕ್ಕ ಹುಡುಗಿ. ಇವತ್ತು ಟೇಪು ಇಲ್ಲ. ಹಸಿರು ಕುರ್ಚಿಗಳು ಸಾಲು ಸಾಲು ಖಾಲಿ. ಎಣಿಸಿದೆ. ಹನ್ನೊಂದು ತಲೆ. ಮಾತು ಕೊಟ್ಟವರಲ್ಲಿ ಇಬ್ಬರ ಫೋನ್ ಆಫ್. ಡಾಕ್ಟರಿಲ್ಲ. ನಿದ್ದೆರಾಯನಿಲ್ಲ.

2.35

ಹನ್ನೆರಡು. ಯಾರೋ ಎದ್ದು ಕೋರಂ ಇಲ್ಲ ಅಂದ. ನಗೆಮುಖ ತನ್ನ ಸೀಟಿನಲ್ಲಿ ಕೂತು ನಗುತ್ತಿದ್ದಾನೆ. ಗಂಟೆ ಶುರುವಾಯಿತು. ಇನ್ನಿಬ್ಬರು ಸಾಕು, ಇಬ್ಬರೇ. ಕ್ಯಾಂಟೀನಿನಲ್ಲಿ ಇದ್ದೇ ಇರುತ್ತಾರೆ. ಐದು ನಿಮಿಷ ಇದೆ —

ಮಾರ್ಚ್ 3, ಸೋಮವಾರ

ಮೂರು ದಿನ ಪೆನ್ನು ಮುಟ್ಟಲಿಲ್ಲ. ಬರೆದಿಡಬೇಕು. ಬೇರೆಯವರ ಬಾಯಲ್ಲಿ ಇದು ಬೇರೆಯಾಗಿಬಿಡುತ್ತದೆ, ನನ್ನ ಬಾಯಲ್ಲೂ.

ಗಂಟೆ ಹೊಡೆಯಿತು, ನಾನು ಎದ್ದೆ. ವಕೀಲೆ ಸೆರಗು ಹಿಡಿದು ಎಳೆದಳು — ಕೂತ್ಕೋ, ನಾನು ಹೋಗ್ತೀನಿ. ನಿನ್ನ ಮೊಣಕಾಲಿಗೆ ಕ್ಯಾಂಟೀನ್ ಮುಟ್ಟುವಷ್ಟರಲ್ಲಿ ಸಂಜೆಯಾಗುತ್ತದೆ ಅಂದು ಬಿಡಿಸಿಕೊಂಡು ಓಡಿದೆ. ನಿಜ ಏನೆಂದರೆ ನಾನು ಯೋಚಿಸಲೇ ಇಲ್ಲ. ಮೂವತ್ತು ವರ್ಷ ಶಾಲೆಯಲ್ಲಿದ್ದವಳು. ಗಂಟೆ ಹೊಡೆದರೆ ಹೊರಗಿರುವ ಹುಡುಗರನ್ನು ಒಳಗೆ ಅಟ್ಟಿಕೊಂಡು ಬರಬೇಕು — ಕಾಲಿಗೆ ಗೊತ್ತಿದ್ದದ್ದು ಅಷ್ಟೇ.

ಮೊಗಸಾಲೆ ದಾಟಿ, ಮೆಟ್ಟಿಲಿಳಿದು, ಕ್ಯಾಂಟೀನ್. ಡಾಕ್ಟರ್ ಟೀ ಕುಡಿಯುತ್ತಿದ್ದರು. ನಿದ್ದೆರಾಯ ಮೂಲೆಯ ಟೇಬಲ್ಲಿಗೆ ತಲೆಯಿಟ್ಟು ಮಲಗಿದ್ದ. ಕಿವಿ ಹಿಂಡಿ ಎಬ್ಬಿಸಿದೆ, ನಿಜವಾಗಿಯೂ ಹಿಂಡಿದೆ. "ಬಂದೆ ಮೇಡಂ, ಬಂದೆ," ಅಂತ ಚಪ್ಪಲಿ ಹುಡುಕಿದ. ಒಂದು ಕಾಲಿನದು ಸಿಕ್ಕಲಿಲ್ಲ. ಟೇಬಲ್ಲಿನ ಕೆಳಗೆ ಬಗ್ಗಿ ನಾನೇ ಹುಡುಕಿ ಕೊಟ್ಟೆ. ಇಬ್ಬರ ತೋಳು ಹಿಡಿದುಕೊಂಡು ಮೆಟ್ಟಿಲು ಹತ್ತುವಾಗ ಗಂಟೆ ನಿಂತಿತು. ಐದು ನಿಮಿಷ ಆಗಿರಲಿಲ್ಲ. ಗಂಟೆ ನಿಂತದ್ದೇಕೆ ಅಂತ ಹೊಳೆಯಲೇ ಇಲ್ಲ. ಒಳ್ಳೆಯದೇ ಆಯಿತು ಅಂದುಕೊಂಡೆ.

ಬಾಗಿಲು ತಳ್ಳಿದೆ. ನಗೆಮುಖನ ಹಿಂದಿನ ಸಾಲಿನಲ್ಲಿ ನಾಲ್ಕು ಜನ, ಅವನ ನಾಲ್ಕು ಜನ. ಪಡುವಣ ಬಾಗಿಲಿನಿಂದ ಬಂದಿದ್ದರು. ಅಲ್ಲೇ ಮೊಗಸಾಲೆಯ ಆ ತುದಿಯಲ್ಲಿ ಕೂತು ಕಾಯುತ್ತಿದ್ದರಂತೆ. ಹನ್ನೊಂದು ಮತ್ತು ನಾಲ್ಕು, ಹದಿನೈದು. ಕೋರಂ ಆಯಿತು. ನನ್ನ ನಿರ್ಣಯಕ್ಕೆ ಕೋರಂ ತುಂಬಿಸಿದವನು ನಗೆಮುಖ. ಅವರು ಒಳಗೆ ಬಂದದ್ದು ನನ್ನ ಕುರ್ಚಿ ಖಾಲಿಯಾದ ಮೇಲೆ.

ಉಪಸಭಾಧ್ಯಕ್ಷ ನನ್ನ ಹೆಸರು ಮೂರು ಸಲ ಕರೆದನಂತೆ. ವಕೀಲೆ ಎದ್ದು ನಿಂತು, ಬಂದ್ರು, ಬಂದ್ರು ಸ್ವಾಮಿ ಅಂದಳಂತೆ. ನಿಮ್ಮ ಹತ್ರ ಅಧಿಕಾರಪತ್ರ ಇದೆಯಾ ಅಂತ ಕೇಳಿದನಂತೆ. ಇದ್ದದ್ದು ಸಹಿಯಿಲ್ಲದ ಕಾಗದ, ಇನ್ನೂ ಬ್ಯಾಗಿನಲ್ಲೇ ಇತ್ತು.

ನಾನು ಹೋದಾಗ ಮುಂದಿನ ವಿಷಯ, ಒಂದು ಸೇತುವೆಯ ಅಗಲದ ಮೇಲೆ ಚರ್ಚೆ ನಡೆದಿತ್ತು.

ಕೂಗಾಡಿದೆ. ಸದನದ ಬಾವಿಗೆ ಇಳಿದೆ. ಉಪಸಭಾಧ್ಯಕ್ಷ ಒಳ್ಳೆಯವನೇ, ಯಾರ ಮೇಲೂ ದನಿ ಎತ್ತದವನು. ಪುಸ್ತಕ ತೆರೆದು ಓದಿದ. ಮಂಡಿಸಬೇಕಾದ ಸದಸ್ಯರು ಸ್ಥಾನದಲ್ಲಿಲ್ಲದಿದ್ದರೆ ನಿರ್ಣಯ ಕೈಬಿಟ್ಟಂತೆ. ಅದೇ ವಿಷಯ ಮತ್ತೆ ಒಂದು ವರ್ಷದವರೆಗೆ ತರುವಂತಿಲ್ಲ. ಪುಸ್ತಕ ಮುಚ್ಚಿ ಅಂದ — "ನಿಯಮ ನಿಯಮವೇ ಅಲ್ವಾ ಮೇಡಂ? ನಾನೇನು ಮಾಡ್ಲಿ?"

ನನ್ನ ಮಾತು. ಅಕ್ಷರ ಬಿಡದೆ ನನ್ನದೇ ಮಾತು. ತಲೆಯೆತ್ತಿ ಗ್ಯಾಲರಿ ನೋಡಿದೆ. ಟೇಲರಮ್ಮ ಎರಡೂ ಕೈಯಲ್ಲಿ ಕಟಕಟೆ ಹಿಡಿದು ಬಗ್ಗಿ ನೋಡುತ್ತಿದ್ದಳು. ಏನಾಯಿತೆಂದು ಅವಳಿಗೆ ಗೊತ್ತಾಗಿರಲಿಲ್ಲ. ನನ್ನನ್ನು ನೋಡಿ ನಕ್ಕಳು. ಗೆದ್ದೆವು ಅಂದುಕೊಂಡಿದ್ದಳು.

ಹಿಂದೆ ಬಾಗಿಲಲ್ಲಿ ನಿದ್ದೆರಾಯ ಇನ್ನೂ ನಿಂತಿದ್ದ. "ಎಲ್ಲಿ ಕೂರಲಿ ಮೇಡಂ?" ಅಂದ.

ಮಾರ್ಚ್ 4, ಮಂಗಳವಾರ

ಇವರು ಬೆಳಿಗ್ಗೆ ಅಂದರು, "ನಗೆಮುಖ ಬಲೆ ಹಾಕಿದ. ನೀನು ಯಾಕೆ ಮೈಪರಚಿಕೊಳ್ತೀಯ?"

ಬಲೆ ಅವನದೇ. ಒಂದು ಸಹಿ ಹಾಕಿದ್ದರೆ ಆ ಬಲೆ ಹರಿದುಹೋಗುತ್ತಿತ್ತಲ್ಲ. ಪತ್ರಕ್ಕೆ ಸಹಿ ಹಾಕದ್ದು ಯಾಕೆ? ನನ್ನ ತಪ್ಪನ್ನು ನಾನೇ ತೊಳೆದುಕೊಳ್ಳಬೇಕು, ಎಲ್ಲರೂ ನೋಡಬೇಕು, ಪೇಪರ್‌ನಲ್ಲಿ ಬರಬೇಕು. ಆ ಮೂರು ಪುಟ ನಾನೇ ಓದಬೇಕು. ಹುಡುಗಿಯ ಪರೀಕ್ಷೆಗಿಂತ ನನ್ನ ಪಶ್ಚಾತ್ತಾಪ ದೊಡ್ಡದಾಯಿತು. ಥೂ.

ಬಡಿದುಕೊಂಡು ಹೇಳಿದಳು ವಕೀಲೆ. ಕೇಳಲಿಲ್ಲ. ಇವತ್ತು ಅವಳೇ ಫೋನ್ ಮಾಡಿದಳು. ಬೈಯಲೆಂದು ಕಾದೆ. ಊಟ ಮಾಡಿದ್ಯಾ ಅಂತ ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 6, ಗುರುವಾರ

ಟೇಲರಮ್ಮನ ಅಂಗಡಿಗೆ ಹೋದೆ. ಹೋಗದೆ ಐದು ದಿನ ತಪ್ಪಿಸಿಕೊಂಡಿದ್ದೆ. ಎಲ್ಲ ಹೇಳಿದೆ, ಸಹಿಯ ವಿಷಯವನ್ನೂ. ಅವಳು ಮಿಷನ್ ನಿಲ್ಲಿಸಲಿಲ್ಲ. ಒಂದು ತೋಳು ಪೂರ್ತಿ ಹೊಲಿದು ದಾರ ಕತ್ತರಿಸಿದ ಮೇಲೆ ತಲೆ ಎತ್ತಿದಳು.

"ಓಡಿ ಹೋದ್ರಲ್ಲ ಮೇಡಂ, ಅದನ್ನ ನೋಡ್ದೆ. ನಮಗೋಸ್ಕರ ಈ ವಯಸ್ಸಲ್ಲಿ ಓಡ್ತಾರಲ್ಲ ಅಂತ ಇವಳಿಗೆ ತೋರಿಸ್ದೆ."

ಬೆಂಚಿನ ಮೇಲೆ ಕೂತೇ ಇದ್ದೆ. ಪರದೆಯಾಚೆ ಗಣಿತ ನಡೆಯುತ್ತಿತ್ತು. ಹುಡುಗ ಒಮ್ಮೆ ಜೋರಾಗಿ ಅಂದ, "ನೀನು ಬರೀದಿದ್ರೆ ನಾನೂ ಬರೆಯಲ್ಲ." ಅವಳ ದನಿ ತಣ್ಣಗೆ ಬಂತು. "ಹೀರೋ ಆಗ್ಬೇಡಿ. ನೀವು ಬರೀದಿದ್ರೆ ನನಗೆ ಮಾರ್ಕ್ಸ್ ಕೊಡ್ತಾರಾ? ಮುಂದಿನ ಲೆಕ್ಕ ಮಾಡಿ."

ಯೂನಿಫಾರ್ಮ್ ಮೊಳೆಯಲ್ಲೇ ಇದೆ.

ಮಾರ್ಚ್ 14, ಶುಕ್ರವಾರ

ಇಲಾಖೆಯ ಕಾರ್ಯದರ್ಶಿಯ ಬಳಿ ಮೂರನೆಯ ಸಲ. ವಿಶೇಷ ಅನುಮತಿ, ಒಂದೇ ಒಂದು ಹುಡುಗಿಗೆ. ಆತ ನೀರು ಕೊಟ್ಟ, ಫ್ಯಾನ್ ಜೋರು ಮಾಡಿದ. "ಸದನದ ಮುಂದೆ ಬಂದು ಬಿದ್ದುಹೋಗಿರೋ ವಿಷಯ ಮೇಡಂ. ಈಗ ನಾನು ಕೊಟ್ರೆ ಸದನಕ್ಕೆ ಅಗೌರವ ಆಗಲ್ವಾ?" ಮೊದಲಾಗಿದ್ದರೆ ಕಣ್ಣುಮುಚ್ಚಿ ಕೊಡುತ್ತಿದ್ದನಂತೆ. ನಾನು ಸುಮ್ಮನಿದ್ದಿದ್ದರೇ ಅವಳಿಗೆ ಅನುಮತಿ ಸಿಗುತ್ತಿತ್ತೇನೋ. ಹೌದೋ, ಸುಳ್ಳು ಹೇಳಿದನೋ... ಗೊತ್ತಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇಲ್ಲಿ ಕೈಯೂ ನನ್ನದೇ, ತುತ್ತು ಬೇರೆಯವರದು.

ಮೊಗಸಾಲೆಯಲ್ಲಿ ನಗೆಮುಖ ಸಿಕ್ಕಿದ. "ಮುಂದಿನ ವರ್ಷ ತಾರಮ್ಮ. ನಾನೇ ಬೆಂಬಲ ಕೊಡ್ತೀನಿ." ಮುಂದಿನ ವರ್ಷ ಚುನಾವಣೆ.

ಮಾರ್ಚ್ 24, ಸೋಮವಾರ. ಸಂಜೆ 5.40

ಮೊದಲ ದಿನ ಗಣಿತ. ಒಂಬತ್ತಕ್ಕೇ ಶಾಲೆಯ ಗೇಟಿನ ಹತ್ತಿರ ಹೋದೆ. ಹುಡುಗ ಬಂದ, ಜೊತೆಗೆ ಅವಳು. ಯೂನಿಫಾರ್ಮ್ ಹಾಕಿಕೊಂಡು ಬಂದಿದ್ದಳು! ಪಕ್ಕದ ಕಟ್ಟು ಪೂರ್ತಿ ಬಿಚ್ಚಿದ್ದರೂ ಬಿಗಿ. ಜಡೆ ಎಳೆದು ಹೆಣೆದಿದ್ದಾಳೆ, ಕೈಯಲ್ಲಿ ಜ್ಯಾಮಿಟ್ರಿ ಬಾಕ್ಸು. ಹೆಡ್‌ಮಿಸ್ಟ್ರೆಸ್ ಗೇಟಿನವರೆಗೆ ಬಂದವಳು ಅವಳನ್ನು ನೋಡಿ, ನನ್ನನ್ನು ನೋಡಿ, ಒಳಗೆ ಹೋಗಿಬಿಟ್ಟಳು.

"ಒಳಗೆ ಬಿಡಲ್ಲ ಮಗಳೇ," ಅಂದೆ.

"ಗೊತ್ತು ಮೇಡಂ. ಅತ್ತೆ ಹೊಲಿದಿದ್ರಲ್ಲ, ಒಂದು ದಿನ ಆದ್ರೂ ಹಾಕ್ಬೇಕಲ್ಲ."

ಗಂಡನ ಕಾಲರ್ ಸರಿ ಮಾಡಿ ಒಳಗೆ ಕಳಿಸಿದಳು. ಗಂಟೆ ಹೊಡೆಯಿತು. ನಾನು ಗೇಟಿನ ಕಂಬಿ ಹಿಡಿದುಕೊಂಡು ನಿಂತಲ್ಲೇ ನಿಂತೆ.

ಒಂದು ಗಂಟೆಗೆ ಅವನು ಹೊರಗೆ ಬಂದ. ಕಣ್ಣು ಕೆಂಪಗಿದ್ದವು. ಮೂರು ಗಂಟೆ ಹೊತ್ತೂ ಮುಂದಿನ ಡೆಸ್ಕು ಖಾಲಿ, ಅವಳ ನಂಬರ್ ಚೀಟಿ ಮಾತ್ರ ಅಂಟಿಸಿತ್ತಂತೆ. ಮೇಲ್ವಿಚಾರಕರು ಅಲ್ಲಿಗೂ ಒಂದು ಉತ್ತರ ಪತ್ರಿಕೆ ಇಟ್ಟು, ಆಮೇಲೆ ಎತ್ತಿಕೊಂಡು ಹೋದರಂತೆ. ಲೆಕ್ಕ ಹೇಗೆ ಮಾಡಿದ್ರಿ ಅಂತ ಅವಳು ಕೇಳಿದಳು. ಪಾಸಾಗ್ತೀನಿ ಅಂದ, ಅದನ್ನು ಹೇಳಿ ಗೋಡೆಗೆ ಮುಖ ಮಾಡಿ ನಿಂತ.

ಅವಳು ಅವನ ಕೈಯಿಂದ ಪ್ರಶ್ನೆಪತ್ರಿಕೆ ತೆಗೆದುಕೊಂಡಳು. ಎಲ್ಲರೂ ಟೇಲರಮ್ಮನ ಅಂಗಡಿಗೆ ಬಂದೆವು. ಅವಳು ಬೆಂಚಿನ ಮೇಲೆ ಕೂತಳು. ಕಟಿಂಗ್ ಟೇಬಲ್ಲಿನ ಬಟ್ಟೆ ಒಂದು ಕಡೆ ಸರಿಸಿ ಹಾಳೆ ಹರಡಿಕೊಂಡು, "ಮೇಡಂ, ಟೈಮ್ ನೋಡ್ಕೊಳ್ಳಿ," ಅಂದಳು. ಒಂದೂವರೆಯಿಂದ ನಾಲ್ಕೂವರೆ. ಮೇಲ್ವಿಚಾರಕಿ ನಾನು. ಗಿರಾಕಿಗಳು ಬಂದರೆ ಟೇಲರಮ್ಮ ಬಾಗಿಲಲ್ಲೇ ತಡೆದು ನಾಳೆ ಬನ್ನಿ ಅಂದಳು. ಮಿಷನ್ ಒಂದು ಸಲವೂ ತುಳಿಯಲಿಲ್ಲ. ನಡುವೆ ಎರಡು ಸಲ ಹುಡುಗಿ ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತಳು, ಮತ್ತೆ ಕೂತಳು. ನಾಲ್ಕೂವರೆಗೆ ನಾನು ಸಮಯ ಆಯಿತು ಅಂದೆ. ಅವಳು ಪೆನ್ನು ಕೆಳಗಿಟ್ಟಳು, ಹಾಳೆಗಳಿಗೆ ಟೇಲರಮ್ಮನ ಸೂಜಿಯಿಂದಲೇ ದಾರ ಕಟ್ಟಿ ನನ್ನ ಕೈಗೆ ಕೊಟ್ಟಳು.

"ನೀವು ಗಣಿತದ ಟೀಚರ್ ಅಲ್ವಾ ಮೇಡಂ. ತಿದ್ದಿ ಕೊಡಿ. ಪಾಪ ಅಂತ ಮಾರ್ಕ್ಸ್ ಹಾಕ್ಬೇಡಿ."

ಈಗ ಮೇಜಿನ ಮುಂದೆ ಇದ್ದೇನೆ. ಇವರು ಹಳೆಯ ಡ್ರಾಯರ್ ಜಾಲಾಡಿ ಕೆಂಪು ಪೆನ್ನು ತಂದಿಟ್ಟರು. ಬೇರೆ ಬಣ್ಣ ಇಲ್ವಾ ಅಂದೆ. "ತಿದ್ದೋದಕ್ಕೆ ಕೆಂಪೇ ಅಲ್ವೇನೇ," ಅಂದು, ಮುಖ ನೋಡಿ, ಸದ್ದಿಲ್ಲದೆ ಹೊರಗೆ ಹೋಗಿ ಕೂತರು.

ಒಂದನೆಯ ಪ್ರಶ್ನೆ. ಕೊಟ್ಟಿರುವುದು ಮೊದಲು, ಕಂಡುಹಿಡಿಯಬೇಕಾದ್ದು ಆಮೇಲೆ. ಸರಿ. ಎರಡು — ಸರಿ. ಮೂರು, ಪುಸ್ತಕದಲ್ಲಿರುವುದಕ್ಕಿಂತ ಚಿಕ್ಕ ದಾರಿ. ನನಗೂ ಹೊಳೆದಿರಲಿಲ್ಲ. ಸರಿ. ನಾಲ್ಕು ಸರಿ. ಐದನೆಯದು ರೇಖಾಗಣಿತ, ತ್ರಿಕೋನದ ಮೂರು ಬಾಹುವನ್ನೂ ಅಡಿಪಟ್ಟಿ ಇಟ್ಟು ಎಳೆದಿದ್ದಾಳೆ, ಎಷ್ಟು ನೇರ, ಎಷ್ಟು ನೀಟು. ಅದೂ ಸರಿ. ಆರು —